ಚೀಟಿ ಇಲ್ಲದ ಚಾಕು

ಸಂತೆಪೇಟೆಯ ಅತಾವುಲ್ಲಾ ಷರೀಫರ ಅಂಗಡಿಯಲ್ಲಿ
ಗಾಜಿನ ಕೆಳಗೆ, ಹಳೇ ಕ್ಯಾಲೆಂಡರಿನ ಹಾಳೆಯ ಮೇಲೆ
ಮಲಗಿದ್ದವು ಹದಿನೇಳು ಮಡಿಸುವ ಚಾಕು.
ಕೈಚೀಲದಿಂದ ನಾನು ಮೊದಲು ತೆಗೆದದ್ದು
ದುಡ್ಡಲ್ಲ, ಸ್ಕೇಲು.

"ಏನ್ ಮೇಡಂ, ಬ್ಲೌಸ್ ಬಟ್ಟೆ ಅಳೆದಂಗೆ
ಅಳೀತೀರಲ್ಲ" ಅಂತ ನಕ್ಕರು.
ಅವರಿಗೇನು ಗೊತ್ತು.
ಮೂವತ್ತೊಂದು ವರ್ಷ ಕೋರ್ಟಿನ ಮುದ್ದೆಮಾಲು ಕೋಣೆಯ
ಬೀಗದ ಕೈ ನನ್ನ ಸೊಂಟದಲ್ಲಿತ್ತು.
ಬಂದ ಚಾಕುಗಳಿಗೆಲ್ಲ ಲೆಕ್ಕ ಬರೆದವಳು ನಾನು:
ಅಲಗು ಇಷ್ಟು, ಹಿಡಿ ಇಷ್ಟು, ತುದಿ ಕೊಂಚ ಬಾಗಿದೆ,
ಕಂದು ಕಲೆಗಳಿವೆ.
ಕಲೆ ಯಾರದ್ದೆಂದು ಬರೆಯುವ ಅಧಿಕಾರ ನನಗಿರಲಿಲ್ಲ.
ದಾರ ಸುತ್ತಿ, ಅರಗು ಕರಗಿಸಿ, ಚೀಟಿ ಕಟ್ಟಿ,
ಕಪಾಟು ಮುಚ್ಚಿ ಮನೆಗೆ ಬಂದು
ಅನ್ನಕ್ಕಿಡುತ್ತಿದ್ದೆ.
ಮನೆಯಲ್ಲಿ ಈಳಿಗೆಮಣೆ ಮಾತ್ರ.
ಅದು ನೆಲ ಬಿಟ್ಟು ಏಳುವುದಿಲ್ಲ,
ಬದನೆಕಾಯಿಯೇ ಅದರ ಹತ್ತಿರ ಹೋಗಬೇಕು.

ಈಗ ಬೇಕಾಗಿದೆ ಒಂದು, ಸೀಬೆಹಣ್ಣಿಗೆ.
ಕುಕ್ಕರಹಳ್ಳಿ ಕೆರೆ ಅರ್ಧ ಸುತ್ತಿ ಬೆಂಚಿನ ಮೇಲೆ ಕೂತರೆ
ಇಡೀ ಹಣ್ಣು ಅಂದರೆ ಹಲ್ಲು ಒಪ್ಪುವುದಿಲ್ಲ,
ಹೋಳಾದರೆ ಸರಿ ಅನ್ನುತ್ತದೆ.

ಷರೀಫರು ಮೊದಲು ಕೊಟ್ಟದ್ದು, ಗುಂಡಿ ಒತ್ತಿದರೆ
ಚಟ್ಟನೆ ನೆಗೆಯುವಂಥದ್ದು.
"ಹುಡುಗ್ರು ಇದನ್ನೇ ಕೇಳೋದು."
ಆ ಸದ್ದು ನನಗೆ ಗೊತ್ತು.
ವಕೀಲರೊಬ್ಬರು ಹಾಗೇ ಒತ್ತಿ ತೋರಿಸಿದ ದಿನ
ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ತಾಯಿ
ಕಿವಿ ಮುಚ್ಚಿಕೊಂಡಿದ್ದಳು, ಕಣ್ಣಲ್ಲ.
ಬೇಡ, ಎಂದೆ.

ಎರಡನೆಯದು ಜಿಂಕೆಕೊಂಬಿನ ಹಾಗೆ ಕಾಣುವ ಪ್ಲಾಸ್ಟಿಕ್ಕು,
ಅಲಗು ಐದು ಇಂಚು.
"ಕಾನೂನು ಒಂಬತ್ತರ ತನಕ ಸುಮ್ಮನಿರುತ್ತೆ ಮೇಡಂ,
ಅಗಲ ಎರಡು ದಾಟಬಾರ್ದು, ಅಷ್ಟೇ."
ಗೊತ್ತು ಷರೀಫರೇ, ಆ ಸಾಲನ್ನು
ಕಾರ್ಬನ್ ಹಾಳೆ ಇಟ್ಟು ಎಷ್ಟು ಸಲ ಟೈಪು ಮಾಡಿದ್ದೇನೆ.
ಒಂಬತ್ತು ಸರ್ಕಾರದ ಅಳತೆ.
ಬದುವಿನ ಜಗಳದ ಒಂದು ಕೇಸಿನಲ್ಲಿ
ಎರಡೂಮುಕ್ಕಾಲು ಸಾಕಾಗಿತ್ತು.
ಆ ಚೀಟಿಯ ಮೇಲೂ ನನ್ನದೇ ದುಂಡಕ್ಷರ.

ಹಾಗಾದರೆ ಯಾವ ಅಳತೆ?
ಸ್ಕೇಲು ಹಿಡಿದು ಸುಮ್ಮನೆ ನಿಂತೆ.
ಹೊರಗೆ ಸಾಣೆಕಲ್ಲಿನ ಕಿರ್ರೋ ಸದ್ದು,
ಬೆಳ್ಳುಳ್ಳಿ ಮೂಟೆ ಇಳಿಸುವವರ ಬೈಗುಳ.

ಮೂಲೆಯಲ್ಲಿ ಒಂದಿತ್ತು. ಮರದ ಹಿಡಿ, ಹಿತ್ತಾಳೆ ಮೊಳೆ,
ಅಲಗು ನನ್ನ ನಡುಬೆರಳಿಗಿಂತ ಗಿಡ್ಡ.
ಅಲಗಿನ ಬೆನ್ನ ಹತ್ತಿರ ಸಣ್ಣ ಗೀರು,
ಅದಕ್ಕೆ ಉಗುರು ಸಿಕ್ಕಿಸಿ ಎಳೆಯಬೇಕು.
ಎಳೆದೆ, ಬರಲಿಲ್ಲ. ಮತ್ತೆ ಎಳೆದೆ.
"ಸ್ವಲ್ಪ ಬಿಗಿ. ಎಣ್ಣೆ ಬಿಟ್ಕೊಡ್ತೀನಿ ತನ್ನಿ."
ಬೇಡ, ಬಿಗಿಯೇ ಇರಲಿ.
ಎರಡು ಕೈ, ಒಂದು ಉಗುರು, ಮೂರು ಸಲ.
ಸೀಬೆಹಣ್ಣಿಗೆ ಅಷ್ಟು ಪುರುಸೊತ್ತಿದೆ,
ಸಿಟ್ಟಿಗೆ ಇರುವುದಿಲ್ಲ.

ನೂರಾ ಎಂಬತ್ತು ಕೊಟ್ಟೆ.
ರಸೀದಿ ಕೇಳಿದೆ. ಅಭ್ಯಾಸ.

ಪಿಂಚಣಿ ಕಾಗದಕ್ಕೆಂದು ಕೋರ್ಟಿಗೆ ಹೋದ ಸೋಮವಾರ
ಗೇಟಿನಲ್ಲಿದ್ದ ಹೊಸ ಪೊಲೀಸ್ ಹುಡುಗಿ
ಚೀಲದಿಂದ ಅದನ್ನು ತೆಗೆದು, ತಿರುಗಿಸಿ ನೋಡಿ,
"ಇದ್ಯಾಕಜ್ಜಿ?" ಎಂದಳು.
ಹಣ್ಣು ತೋರಿಸಿದೆ.
ಹಣ್ಣನ್ನು ಬಿಟ್ಟಳು, ಚಾಕುವನ್ನು ಬಿಡಲಿಲ್ಲ. ಸರಿಯೇ.
ಕಾಗದದ ಚೂರು ಹರಿದು ಬರೆದಳು:
ತ್ರಿಪುರಾಂಬ. ಸಣ್ಣ ಚಾಕು. ಒಂದು.
ಅಳತೆ ಬರೀ ಮಗಾ, ಎನ್ನಲು ಬಾಯಿ ತೆರೆದವಳು
ನುಂಗಿಕೊಂಡೆ.
ಜೀವನದಲ್ಲಿ ಮೊದಲ ಸಲ
ಚೀಟಿಯ ಮೇಲೆ ನನ್ನ ಹೆಸರು.

ಮಧ್ಯಾಹ್ನ ವಾಪಸು ಕೊಡುತ್ತಾ ಅಂದಳು,
"ತೆಗ್ದು ನೋಡೋಣ ಅಂತಿದ್ದೆ ಅಜ್ಜಿ, ಬರ್ಲೇ ಇಲ್ಲ."
ಚೀಟಿ ಕಿತ್ತು ಅವಳ ಕೈಗೇ ಇಟ್ಟೆ.
ಗೇಟಿನಾಚೆ ಹೊಂಗೆಮರದ ಕೆಳಗೆ
ಮೂರನೆಯ ಸಲಕ್ಕೆ ತೆರೆಯಿತು.
ಅರ್ಧ ಅವಳಿಗೆ, ಅರ್ಧ ನನಗೆ.
ಉಪ್ಪು ಖಾರ ಮರೆತು ಬಂದಿದ್ದೆ.